ಕ್ರೇವನ್ ಕಾಟೇಜ್‌ಗೆ ಹೋಗುವ ಮುನ್ನ

ಚಿ. ಪುಟ್ಟನಿಗೆ ಸೋದರತ್ತೆಯ ಆಶೀರ್ವಾದಗಳು.

ಲಂಡನ್ನಿನಲ್ಲಿ ರೂಮು, ಅಡುಗೆ, ಕ್ಲಾಸು ಎಲ್ಲ ಒಂದು ಹದಕ್ಕೆ ಬಂತೆಂದು ನಿನ್ನಮ್ಮ ಹೇಳಿದಳು. ಫುಲ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಪಂದ್ಯ ನೋಡಲು ಅವರ ಕ್ರೇವನ್ ಕಾಟೇಜ್ ಮೈದಾನಕ್ಕೆ ಹೋಗಬೇಕು, ಟಿಕೆಟ್ ಯಾವ ಕಡೆಗೆ ತಗೊಳ್ಳಲಿ ಎಂದು ಕೇಳಿದ್ದೀಯ. ಜಾನಿ ಹೇನ್ಸ್ ಸ್ಟ್ಯಾಂಡ್‌ನಲ್ಲಿ ತಗೋ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಏನೂ ತಿಳಿಯದೆ ಹೋದರೆ ಕುರ್ಚಿ ಇಕ್ಕಟ್ಟು, ಕಂಬ ಅಡ್ಡ, ರೈಲಿಗೆ ಮೈಲುದ್ದ ಕ್ಯೂ ಎಂದು ಗೊಣಗಿಕೊಂಡು ವಾಪಸ್ ಬರುತ್ತೀಯ. ಆ ಮೈದಾನದಲ್ಲಿ ಇರುವ ಅನಾನುಕೂಲಗಳಲ್ಲಿ ಒಂದೂ ಕಾರಣವಿಲ್ಲದೆ ಬಂದದ್ದಲ್ಲ. ಕಾರಣ ಗೊತ್ತಿದ್ದರೆ ಯಾವುದನ್ನು ತಪ್ಪಿಸಿಕೊಳ್ಳಬೇಕು, ಯಾವುದನ್ನು ದುಡ್ಡು ಕೊಟ್ಟಾದರೂ ಅನುಭವಿಸಬೇಕು ಅನ್ನುವುದು ನಿನಗೇ ತಿಳಿಯುತ್ತದೆ. ಅದಕ್ಕೇ ಇಷ್ಟು ಉದ್ದದ ಕಾಗದ.

ಮೊದಲು ಟಿಕೆಟ್ಟಿನ ಮಾತು. ಕ್ಲಬ್ಬಿನ ಸ್ವಂತ ತಾಣ ಬಿಟ್ಟು ಬೇರೆಲ್ಲೂ ಕೊಳ್ಳಬೇಡ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಸ್ಟೇಷನ್ ಹೊರಗೆ ಪಿಸುಗುಟ್ಟುತ್ತಾ ಮಾರುವವನು ಸಿಕ್ಕಿಬೀಳಲಿ ಬಿಡಲಿ, ಅವನು ಕೊಟ್ಟ ಟಿಕೆಟ್ ರದ್ದಾಗಿದ್ದರೆ ಗೇಟಿನಲ್ಲಿ ನಿಂತು ಪೆಚ್ಚುಮೋರೆ ಹಾಕಿಕೊಳ್ಳುವವನು ನೀನು. ಚೆಲ್ಸಿ, ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಬರುವ ದಿನಗಳಲ್ಲಿ ಸದಸ್ಯರಿಗೇ ಟಿಕೆಟ್ ಸಾಲುವುದಿಲ್ಲ, ಮೊದಲ ಸಲಕ್ಕೆ ಅವುಗಳ ಆಸೆ ಬಿಡು. ಮಧ್ಯಮ ಶ್ರೇಣಿಯ ಎದುರಾಳಿಯ ಪಂದ್ಯವನ್ನೋ ಲೀಗ್ ಕಪ್ಪಿನ ಆರಂಭದ ಸುತ್ತನ್ನೋ ಹುಡುಕು. ದರವೂ ಕಡಿಮೆ, ಸೀಟು ಆರಿಸಿಕೊಳ್ಳಲು ಅವಕಾಶವೂ ಹೆಚ್ಚು. ಇನ್ನೊಂದು: ವೇಳಾಪಟ್ಟಿಯಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆ ಎಂದಿದ್ದದ್ದು ಟಿವಿಯವರಿಗಾಗಿ ಭಾನುವಾರಕ್ಕೋ ಸೋಮವಾರ ರಾತ್ರಿಗೋ ಜಾರುವುದು ಮಾಮೂಲು. ದಿನಾಂಕ ಖಚಿತವಾಗುವ ಮೊದಲೇ ಬೇರೆ ಊರಿನ ಗೆಳೆಯರಿಗೆ ರೈಲು ಟಿಕೆಟ್ ಮಾಡಿಸಬೇಡ. ಶನಿವಾರ 3 ಗಂಟೆಗೇ ಉಳಿದ ಪಂದ್ಯ ಸಿಕ್ಕರೆ ಬಿಡಲೂ ಬೇಡ. ಆ ಹೊತ್ತಿನ ಆಟ ಬ್ರಿಟನ್ನಿನಲ್ಲಿ ನೇರಪ್ರಸಾರವಾಗುವುದಿಲ್ಲ, ನೋಡಬೇಕೆಂದರೆ ಮೈದಾನಕ್ಕೇ ಹೋಗಬೇಕು. ಹಳೇ ಮೈದಾನಕ್ಕೆ ಒಪ್ಪುವ ಹೊತ್ತು ಅದೇ.

ಟಿಕೆಟ್ ಬರುವುದು ಫೋನಿಗೆ. ಅದನ್ನು ಮನೆಯಲ್ಲೇ ಫೋನಿನ ವಾಲೆಟ್‌ಗೆ ಇಳಿಸಿಕೋ. ಇಪ್ಪತ್ತೊಂಬತ್ತು ಸಾವಿರ ಚಿಲ್ಲರೆ ಜನ ಒಂದೇ ಬೀದಿಯಲ್ಲಿ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಚಳಿಯಲ್ಲಿ ಬ್ಯಾಟರಿಯೂ ಬೇಗ ಇಳಿಯುತ್ತದೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಬೇಡ, ಸಣ್ಣ ಚೀಲ ಸಾಕು. ಪುಳಿಯೋಗರೆ ಕಟ್ಟಿಕೊಂಡು ಹೋಗುವುದಾದರೆ ಸ್ಟೀಲ್ ಡಬ್ಬಿಯಲ್ಲಂತೂ ಬೇಡವೇ ಬೇಡ. ಎಸೆದರೆ ಪೆಟ್ಟಾಗುವಂಥ ಲೋಹ, ಗಾಜು ಯಾವುದನ್ನೂ ತಪಾಸಣೆಯವರು ಸುಲಭವಾಗಿ ಒಳಗೆ ಬಿಡುವುದಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ ಎಂದರೆ ನಿನ್ನಮ್ಮ ಸುಮ್ಮನಿರುತ್ತಾಳೆಯೇ? ಹಾಳೆಯಲ್ಲಿ ಸುತ್ತಿಕೊಂಡು ಹೋಗಿ ಪಾರ್ಕಿನಲ್ಲೇ ತಿಂದು ಮುಗಿಸು.

3 ಗಂಟೆಯ ಪಂದ್ಯವಾದರೆ ಪಟ್ನಿ ಬ್ರಿಡ್ಜ್ ಸ್ಟೇಷನ್ನಿನಲ್ಲಿ ಹನ್ನೆರಡೂ ಮುಕ್ಕಾಲಿಗೆಲ್ಲ ಇಳಿ. ಅದು ಡಿಸ್ಟ್ರಿಕ್ಟ್ ಲೈನಿನ ವಿಂಬಲ್ಡನ್ ಕವಲಿನಲ್ಲಿದೆ. ಅರ್ಲ್ಸ್ ಕೋರ್ಟ್‌ನಲ್ಲಿ ರೈಲಿನ ಮುಂದಿನ ಫಲಕ ನೋಡದೆ ಹತ್ತಿದವರು ರಿಚ್ಮಂಡ್ ಕಡೆಗೋ ಈಲಿಂಗ್ ಕಡೆಗೋ ಹೋಗಿಬಿಡುತ್ತಾರೆ. ವಾರಾಂತ್ಯದಲ್ಲಿ ಹಳಿ ದುರಸ್ತಿಗೆಂದು ಈ ಕವಲನ್ನು ಮುಚ್ಚುವುದೂ ಉಂಟು, ಹಿಂದಿನ ರಾತ್ರಿಯೇ ನೋಡಿಕೋ. ಮುಚ್ಚಿದ್ದರೆ ವಾಟರ್ಲೂನಿಂದ ಪಟ್ನಿಗೆ ರೈಲಿದೆ. ಅಲ್ಲಿಂದ ಸೇತುವೆ ದಾಟಿ ನಡೆ.

ಸ್ಟೇಷನ್ನಿನಿಂದ ಮೈದಾನಕ್ಕೆ ಕಾಲು ಗಂಟೆಯ ದಾರಿ. ಜನಜಂಗುಳಿ ಬೀದಿ ಹಿಡಿದು ಹೋದರೂ ನೀನು ಆಲ್ ಸೇಂಟ್ಸ್ ಚರ್ಚಿನ ಪಕ್ಕದಿಂದ ಬಿಷಪ್ಸ್ ಪಾರ್ಕ್ ಒಳಗೆ ಹೋಗು. ಎಡಕ್ಕೆ ಥೇಮ್ಸ್, ಬಲಕ್ಕೆ ಮರಗಳ ಆಚೆ ಫುಲ್‌ಹ್ಯಾಮ್ ಅರಮನೆ. ಲಂಡನ್ನಿನ ಬಿಷಪ್ಪರು ಶತಮಾನಗಟ್ಟಲೆ ವಾಸವಿದ್ದ ಜಾಗ, ಪಾರ್ಕಿನ ಹೆಸರೂ ಅದರಿಂದಲೇ. ನದಿದಂಡೆಗೆ ಸಾಲಾಗಿ ಪ್ಲೇನ್ ಮರಗಳು. ಇಲ್ಲಿ ಥೇಮ್ಸ್‌ಗೆ ಸಮುದ್ರದ ಉಬ್ಬರವಿಳಿತ ಮುಟ್ಟುತ್ತದೆ. ಹೋಗುವಾಗ ಗೋಡೆಯಡಿ ಕೆಸರು ಕಂಡರೆ ಬರುವಾಗ ಅದೇ ಗೋಡೆಗೆ ನೀರು ಬಡಿಯುತ್ತಿರಬಹುದು. ಆಕ್ಸ್‌ಫರ್ಡ್-ಕೇಂಬ್ರಿಜ್ ದೋಣಿ ಸ್ಪರ್ಧೆ ಶುರುವಾಗುವುದು ಈ ಪಟ್ನಿ ಸೇತುವೆ ಬಳಿಯೇ. ದೋಣಿಗಳು ಮೈದಾನದ ಬೆನ್ನಿಗೇ ಹಾದುಹೋಗುತ್ತವೆ.

ಪಾರ್ಕು ಮುಗಿಯುವಲ್ಲಿ ಮರಗಳ ನಡುವೆ ಪಟ್ನಿ ಎಂಡ್, ಅಂದರೆ ಈ ಕಡೆಯ ಗೋಲಿನ ಹಿಂದಿನ ಸ್ಟ್ಯಾಂಡಿನ ಬೆನ್ನು ಕಾಣುತ್ತದೆ. ಎಲ್ಲರೂ ಅಲ್ಲೇ ಫೋಟೋ ತೆಗೆಯಲು ನಿಂತುಬಿಡುತ್ತಾರೆ. ನೀನು ನಿಲ್ಲದೆ ಬಲಕ್ಕೆ ತಿರುಗಿ ಸ್ಟೀವನೇಜ್ ರಸ್ತೆಗೆ ಹೋಗಿ, ಎದುರಿನ ಮನೆಗಳ ಕಡೆಯ ಫುಟ್‌ಪಾತಿನಲ್ಲಿ ನಿಂತು ನೋಡು. ಕೆಂಪು ಇಟ್ಟಿಗೆಯ ಉದ್ದನೆ ಗೋಡೆ, ಕಮಾನಿನ ಕಿಟಕಿ, ಕಿರಿದಾದ ಬಾಗಿಲು. ಫುಟ್‌ಬಾಲ್ ಗೊತ್ತಿಲ್ಲದವರು ಹಳೇ ಕಾಲದ ಶಾಲೆ ಅಂದುಕೊಂಡಾರು. ಅದೇ ಜಾನಿ ಹೇನ್ಸ್ ಸ್ಟ್ಯಾಂಡಿನ ಬೆನ್ನು, ಕಟ್ಟಿದ್ದು 1905ರಲ್ಲಿ. ಎದುರಿಗೆ ಇಟ್ಟಿಗೆಯ ಸಾಲುಮನೆಗಳ ಬೀದಿ, ಅದರ ಮುಖಕ್ಕೆ ಹೊಂದುವಂತೆ ಸ್ಟ್ಯಾಂಡಿನ ಬೆನ್ನನ್ನು ಕಟ್ಟಿದ್ದಾರೆ. ಈಗಿನವರು ಬೀದಿಗೆ ಕೊಳವೆ, ಮೆಟ್ಟಿಲು, ಕಾಂಕ್ರೀಟು ತೋರಿಸಿ ಒಳಗಿನ ಅಂದವನ್ನೆಲ್ಲ ಟಿವಿಗೆ ತೋರಿಸುತ್ತಾರೆ.

ಕಟ್ಟಿದವನು ಗ್ಲಾಸ್ಗೋದ ಎಂಜಿನಿಯರ್ ಆರ್ಚಿಬಾಲ್ಡ್ ಲೀಚ್. ಈ ಹೆಸರು ನೆನಪಿಟ್ಟುಕೋ, ಹಳೇ ಬ್ರಿಟಿಷ್ ಮೈದಾನಗಳ ಬಗ್ಗೆ ಯಾರ ಹತ್ತಿರ ಮಾತು ತೆಗೆದರೂ ಬರುತ್ತದೆ. ಗೂಡಿಸನ್ ಪಾರ್ಕ್, ವಿಲ್ಲಾ ಪಾರ್ಕ್, ಓಲ್ಡ್ ಟ್ರಾಫರ್ಡ್, ಹ್ಯಾಂಪ್‌ಡನ್ ಎಲ್ಲೆಲ್ಲೂ ಅವನ ಕೈಯಿತ್ತು. ಇಲ್ಲಿಗೆ ಬರುವ ಮೂರು ವರ್ಷ ಮೊದಲು, 1902ರ ಏಪ್ರಿಲ್ 5ರಂದು, ಗ್ಲಾಸ್ಗೋದಲ್ಲಿ ಅವನೇ ರೂಪಿಸಿದ ಐಬ್ರಾಕ್ಸ್ ಮೈದಾನದಲ್ಲಿ ಸ್ಕಾಟ್ಲೆಂಡ್-ಇಂಗ್ಲೆಂಡ್ ಪಂದ್ಯ ನಡೆಯುತ್ತಿರುವಾಗಲೇ ಉಕ್ಕಿನ ಚೌಕಟ್ಟಿನ ಮೇಲೆ ಹಲಗೆ ಹೊಡೆದು ಮಾಡಿದ್ದ ಮೆಟ್ಟಿಲಸಾಲು ಕುಸಿಯಿತು. ಜನ ರಂಧ್ರದಿಂದ ಕೆಳಕ್ಕೆ ಬಿದ್ದರು, 25 ಜನ ಸತ್ತರು, 500ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದಾದ ಮೇಲೆ ಲೀಚ್ ನಿಲ್ಲುವ ಜನರ ಭಾರವನ್ನು ಹಲಗೆಗೆ ಬಿಡದೆ ಮಣ್ಣಿನ ದಿಬ್ಬಕ್ಕೆ ಕೊಟ್ಟ. ಜನರ ತಳ್ಳಾಟ ಮೇಲಿನಿಂದ ಕೆಳಗಿನವರೆಗೂ ಒಂದೇ ಅಲೆಯಾಗಿ ಇಳಿಯದಂತೆ ನಡುನಡುವೆ ತಡೆಯುವ ಅಡ್ಡಗಂಬಿಗಳಿಗೆ ಪೇಟೆಂಟನ್ನೂ ಪಡೆದ. 

ಫುಲ್‌ಹ್ಯಾಮ್‌ನವರೇನು ಸೌಂದರ್ಯದ ಆಸೆಗೆ ಅವನನ್ನು ಕರೆಸಿದವರಲ್ಲ. ಮೊದಲಿದ್ದ ಮರದ ಸ್ಟ್ಯಾಂಡನ್ನು ಜನ ಮೊಲದ ಗೂಡು ಎಂದು ಆಡಿಕೊಳ್ಳುತ್ತಿದ್ದರು, ಅದು ಅಪಾಯಕಾರಿ ಎಂದು ಲಂಡನ್ ಕೌಂಟಿ ಕೌನ್ಸಿಲ್ ಕ್ಲಬ್ಬನ್ನು ಕೋರ್ಟಿಗೆ ಎಳೆದಿತ್ತು. ಅದೇ ಹೊತ್ತಿಗೆ ಗಸ್ ಮಿಯರ್ಸ್ ಎಂಬಾತ ಹತ್ತಿರದ ತನ್ನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನಕ್ಕೆ ಬಾಡಿಗೆಗೆ ಬನ್ನಿ ಎಂದು ಕರೆದ. ಬಾಡಿಗೆ ಜಾಸ್ತಿಯಾಯಿತೆಂದು ಫುಲ್‌ಹ್ಯಾಮ್ ಅಧ್ಯಕ್ಷ ಹೆನ್ರಿ ನಾರಿಸ್ ಒಪ್ಪಲಿಲ್ಲ. ಮಿಯರ್ಸ್ ಖಾಲಿ ಮೈದಾನಕ್ಕೆಂದೇ ತನ್ನದೊಂದು ತಂಡ ಕಟ್ಟಿದ, ಅದೇ ಚೆಲ್ಸಿ. ಅಲ್ಲೂ ಸ್ಟ್ಯಾಂಡ್ ಕಟ್ಟಿದವನು ಲೀಚೇ, ವರ್ಷವೂ 1905. ಅಲ್ಲಿನದು ಉರುಳಿ ಕಾಲವಾಯಿತು, ಇಲ್ಲಿನದು ನಿಂತಿದೆ. ಬಾಡಿಗೆಯ ಚೌಕಾಸಿಯಿಂದ ಪಕ್ಕದಲ್ಲೇ ಎದುರಾಳಿಯನ್ನು ಹುಟ್ಟಿಸಿಕೊಂಡ ಕ್ಲಬ್ಬು ಜಗತ್ತಿನಲ್ಲಿ ಎಷ್ಟಿದ್ದಾವು!

ರಸ್ತೆಯ ಕಡೆಯೇ ಜಾನಿ ಹೇನ್ಸ್ ಪ್ರತಿಮೆ ಇದೆ, ಕಾಲು ಚೆಂಡಿನ ಮೇಲೆ. ಆಟಗಾರರ ವಾರದ ಸಂಬಳ 20 ಪೌಂಡ್ ಮೀರಬಾರದೆಂಬ ನಿಯಮ 1961ರಲ್ಲಿ ಬಿದ್ದುಹೋದ ಕೂಡಲೇ ವಾರಕ್ಕೆ 100 ಪೌಂಡ್ ಪಡೆದ ಮೊದಲ ಬ್ರಿಟಿಷ್ ಆಟಗಾರ ಅವನು. ಕೊಟ್ಟ ಅಧ್ಯಕ್ಷ ಟಾಮಿ ಟ್ರಿಂಡರ್ ವೃತ್ತಿಯಿಂದ ಹಾಸ್ಯನಟ. ಈ ಹುಡುಗ ನೂರು ಪೌಂಡಿಗೆ ಬಾಳುತ್ತಾನೆ ಎಂದು ಜಂಬ ಕೊಚ್ಚಿದ್ದವನು, ನಿಯಮ ಹೋದ ಮೇಲೆ ಮಾತು ಉಳಿಸಿಕೊಳ್ಳಬೇಕಾಯಿತು. ಹೇನ್ಸ್ ಫುಲ್‌ಹ್ಯಾಮ್‌ಗೆ 658 ಪಂದ್ಯ ಆಡಿದ, ಇಂಗ್ಲೆಂಡಿಗೆ 56, ಅದರಲ್ಲಿ 22ಕ್ಕೆ ನಾಯಕ. ದೊಡ್ಡ ಕಪ್ ಒಂದನ್ನೂ ಗೆಲ್ಲಲಿಲ್ಲ. ಕ್ಲಬ್ಬೂ ಗೆದ್ದಿಲ್ಲ. 1975ರ ಎಫ್‌ಎ ಕಪ್ ಫೈನಲ್ ಸೋತಿತು, 2010ರಲ್ಲಿ ಯೂರೋಪಾ ಲೀಗ್ ಫೈನಲ್ ಸೋತಿತು. ಹಾಗೆಂದು ಅಕ್ಕಪಕ್ಕದವರ ಹತ್ತಿರ ಕಪ್ಪಿನ ಮಾತು ತೆಗೆಯಬೇಡ. ಅದೇ 2010ರ ಮಾರ್ಚ್‌ನಲ್ಲಿ ಇದೇ ಮೈದಾನದಲ್ಲಿ ಯುವೆಂಟಸ್ ತಂಡವನ್ನು 4-1ರಿಂದ ಹೊಡೆದ ರಾತ್ರಿಯ ಬಗ್ಗೆ ಕೇಳು, ಹಾಫ್‌ಟೈಮ್ ಪೂರ್ತಿ ಮಾತಾಡುತ್ತಾರೆ.

ಬೀದಿ ಮತ್ತು ಪಾರ್ಕು ಸೇರುವ ಮೂಲೆಯಲ್ಲಿ ಬಾಲ್ಕನಿಯಿರುವ ಪುಟ್ಟ ಕಟ್ಟಡ ಕಾಣುತ್ತದಲ್ಲ, ಅದೇ ಕಾಟೇಜ್. ಇಲ್ಲಿ ಎಲ್ಲರೂ ಒಂದು ತಪ್ಪು ತಿಳಿಯುತ್ತಾರೆ. ಮೈದಾನಕ್ಕೆ ಹೆಸರು ಬಂದದ್ದು 1780ರಲ್ಲಿ ಬ್ಯಾರನ್ ಕ್ರೇವನ್ ಕಟ್ಟಿಸಿದ್ದ ಮನೆಯಿಂದ, ಅದು 1888ರಲ್ಲೇ ಸುಟ್ಟುಹೋಯಿತು. ಕ್ಲಬ್ ಇಲ್ಲಿ ಆಡಲು ಶುರುಮಾಡಿದ್ದು 1896ರಲ್ಲಿ. ಈಗಿರುವುದು ಲೀಚ್ ಕಟ್ಟಿದ ಪೆವಿಲಿಯನ್. ಅವನ ಸ್ಟ್ಯಾಂಡಿನೊಳಗೆ ಆಟಗಾರರು ಬಟ್ಟೆ ಬದಲಿಸಲು ಕೋಣೆಯೇ ಇರಲಿಲ್ಲ, ಅದಕ್ಕೇ ಮೂಲೆಯಲ್ಲಿ ಇದನ್ನು ಎಬ್ಬಿಸಿದರು. ಆದ್ದರಿಂದಲೇ ಇಲ್ಲಿ ಆಟಗಾರರು ಎಲ್ಲ ಕಡೆಯ ಹಾಗೆ ನಡುಗೆರೆಯ ಸುರಂಗದಿಂದ ಬರದೆ ಮೂಲೆಯಿಂದ ನಡೆದು ಬರುತ್ತಾರೆ. ಆಟ ಶುರುವಾಗುವ ಐದು ನಿಮಿಷ ಮುಂಚೆ ಕಣ್ಣು ಆ ಮೂಲೆಯಲ್ಲಿರಲಿ.

ಈಗ ಸೀಟು. ಜಾನಿ ಹೇನ್ಸ್ ಸ್ಟ್ಯಾಂಡಿನ ಮೇಲ್ಭಾಗದಲ್ಲಿ 1905ರ ಕಾಲದ ಮರದ ಕುರ್ಚಿಗಳು ಇನ್ನೂ ಇವೆ. ಕೂರುವ ಹಲಗೆ ಮಡಚಿಕೊಳ್ಳುತ್ತದೆ, ಗೋಲ್ ಆಗುವ ಹಾಗಾದಾಗ ಸಾಲಿಗೆ ಸಾಲೇ ಎದ್ದರೆ ನೂರಾರು ಹಲಗೆ ಒಟ್ಟಿಗೆ ಹಿಂದಕ್ಕೆ ಬಡಿಯುವ ಟಪಟಪ ಸದ್ದು ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳಿಂದ ಅದು ಸಾಧ್ಯವಿಲ್ಲ. ಅಗಲ ಕಡಿಮೆ, ಮೊಣಕಾಲಿಗೆ ಜಾಗವಿಲ್ಲ. ನಿನ್ನ ಎತ್ತರಕ್ಕೆ ಸಾಲಿನ ತುದಿಯ ಸೀಟು ಹುಡುಕಿದರೆ ಒಂದು ಕಾಲನ್ನಾದರೂ ಚಾಚಬಹುದು. ಮಾಡನ್ನು ಹೊತ್ತಿರುವುದು ಕಂಬಗಳು. ಕಂಬವಿಲ್ಲದೆ ಹಿಂದಿನಿಂದ ಚಾಚಿಕೊಂಡ ದೊಡ್ಡ ಮಾಡು ಆ ಕಾಲದ ಮೈದಾನಗಳಲ್ಲಿ ಇರಲಿಲ್ಲ. ಕಂಬದ ಹಿಂದಿನ ಸೀಟಿಗೆ ನೋಟ ಅಡ್ಡಿ ಎಂದು ಕೊಳ್ಳುವಾಗಲೇ ಬರೆದಿರುತ್ತಾರೆ, ದರ ಕಡಿಮೆ ಎಂದು ಆಸೆಪಡುವ ಮೊದಲು ನಕ್ಷೆಯಲ್ಲಿ ನೋಡು. ಕಂಬ ಮೈದಾನದ ಮೂಲೆಯನ್ನು ಮರೆಮಾಡಿದರೆ ಚಿಂತೆಯಿಲ್ಲ. ಗೋಲ್‌ಬಾಯಿಯನ್ನೇ ಮರೆಮಾಡಿದರೆ ಪಕ್ಕದವನ ಉದ್ಗಾರ ಕೇಳಿ ಆಟ ತಿಳಿಯಬೇಕು. ತೀರಾ ಹಿಂದಿನ ಸಾಲುಗಳೂ ಬೇಡ, ಮಾಡಿನ ಅಂಚು ಕೆಳಗಿರುವುದರಿಂದ ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ಕಣ್ಣಿಂದ ಮಾಯವಾಗಿ ಇನ್ನೆಲ್ಲೋ ಇಳಿಯುತ್ತದೆ. ತೀರಾ ಮುಂದಿನ ಸಾಲುಗಳಿಗೆ ಮಾಡಿನ ಆಸರೆ ಸಾಲದು, ಗಾಳಿಮಳೆ ಮುಖಕ್ಕೇ. ನಡುವಿನ ಸಾಲುಗಳೇ ಲೇಸು.

ಇಲ್ಲಿ ಕೂತರೆ ಒಂದೇ ನಷ್ಟ. ಮಾಡಿನ ನಡುನೆತ್ತಿಯಲ್ಲಿ ಫುಲ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ ಎಂದು ಬರೆದ ತ್ರಿಕೋನದ ಗೋಪುರಮುಖ ನಿನಗೆ ಕಾಣುವುದಿಲ್ಲ, ಅದು ಎದುರು ಕೂತವರಿಗೆ. ಎದುರು ಎಂದರೆ ನದಿ ಕಡೆಯ ರಿವರ್‌ಸೈಡ್ ಸ್ಟ್ಯಾಂಡ್. 1972ರವರೆಗೆ ಅಲ್ಲಿ ಸ್ಟ್ಯಾಂಡೇ ಇರಲಿಲ್ಲ, ಬರೀ ತೆರೆದ ದಿಬ್ಬ. ದೋಣಿ ಸ್ಪರ್ಧೆಯ ದಿನ ಜನ ಆಟಕ್ಕೆ ಬೆನ್ನುಹಾಕಿ ನದಿ ನೋಡುತ್ತಿದ್ದರಂತೆ. 1972ರಲ್ಲಿ ಕಟ್ಟಿದ್ದನ್ನು 2019ರಲ್ಲಿ ಕೆಡವಿ ಈಗ ನದಿಯ ಮೇಲಕ್ಕೇ ಚಾಚಿದ ಹೊಸದನ್ನು ಎಬ್ಬಿಸಿದ್ದಾರೆ, ಮಾಡಿನ ಮೇಲೆ ಈಜುಕೊಳವೂ ಇದೆ. ಸುಖಾಸನ, ಕಂಬದ ಕಾಟವಿಲ್ಲ, ದರ ಮಾತ್ರ ವಿದ್ಯಾರ್ಥಿಯ ಜೇಬಿಗಲ್ಲ. ಅಲ್ಲಿ ಕೂತವರಿಗೆ ಸಿಗುವ ಅತಿ ಒಳ್ಳೆಯ ನೋಟ ಎದುರಿನ ಹಳೇ ಸ್ಟ್ಯಾಂಡಿನದು ಅನ್ನುವುದು ನನ್ನ ಅಭಿಪ್ರಾಯ. ನೀನು ಆ ಗೋಪುರಮುಖ ನೋಡಲೇಬೇಕೆಂದರೆ ಪಂದ್ಯವಿಲ್ಲದ ದಿನ ಕ್ಲಬ್ಬಿನವರ ಗೈಡೆಡ್ ಟೂರ್‌ಗೆ ಮುಂಗಡ ಕಾಯ್ದಿರಿಸಿ ಹೋಗು. ಪಂದ್ಯದ ದಿನ ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ಬಿಡುವುದಿಲ್ಲ.

ಗೋಲಿನ ಹಿಂದಿನ ಎರಡರಲ್ಲಿ ಹ್ಯಾಮರ್‌ಸ್ಮಿತ್ ಎಂಡ್ ಫುಲ್‌ಹ್ಯಾಮ್ ಅಭಿಮಾನಿಗಳದು. ಹಾಡು, ಕೂಗು ಎಲ್ಲ ಅಲ್ಲಿಂದಲೇ. ಮುಂದಿನವರು ನಿಂತರೆ ನೀನೂ ನಿಲ್ಲಬೇಕು, ತೊಂಬತ್ತು ನಿಮಿಷ ನಿಲ್ಲುವ ತಯಾರಿ ಇದ್ದರೆ ಎರಡನೇ ಸಲಕ್ಕೆ ಹೋಗು. ಪಟ್ನಿ ಎಂಡ್‌ನಲ್ಲಿ ಹೊರಗಿನ ತಂಡದ ಅಭಿಮಾನಿಗಳಿಗೆ ಜಾಗ. ಯಾರ ಪಕ್ಷವೂ ಅಲ್ಲದವರಿಗೆಂದು ಅದೇ ತುದಿಯಲ್ಲಿ ಬಹುಕಾಲ ಪ್ರತ್ಯೇಕ ವಿಭಾಗವಿತ್ತು, ಇಂಗ್ಲೆಂಡಿನಲ್ಲಿ ಅಪರೂಪದ ಏರ್ಪಾಡು. ಅಲ್ಲಿ ಕೊಳ್ಳುವುದಾದರೆ ಬ್ಲಾಕ್ ಯಾರಿಗೆ ಮೀಸಲು ಎಂದು ಓದಿಕೊಂಡು ಕೊಳ್ಳು. ಎದುರಾಳಿಗಳ ನಡುವೆ ಫುಲ್‌ಹ್ಯಾಮ್‌ನ ಬಿಳಿ-ಕಪ್ಪು ಶಾಲು ಹೊದ್ದು ಕೂತರೆ ಭದ್ರತೆಯವರೇ ಬಂದು ಎಬ್ಬಿಸುತ್ತಾರೆ.

1938ರ ಅಕ್ಟೋಬರ್ 8ರಂದು ಮಿಲ್‌ವಾಲ್ ವಿರುದ್ಧದ ಪಂದ್ಯಕ್ಕೆ ಇಲ್ಲಿ 49,335 ಜನ ಸೇರಿದ್ದರು. ಈಗ ಅಷ್ಟು ಜನ ಹಿಡಿಸುವುದಿಲ್ಲ, ಏಕೆಂದರೆ ಆಗ ಹೆಚ್ಚಿನವರು ನಿಂತಿದ್ದರು. 1989ರಲ್ಲಿ ಹಿಲ್ಸ್‌ಬರೋ ಮೈದಾನದಲ್ಲಿ ನಿಂತಿದ್ದ ಜನ ನೂಕುನುಗ್ಗಲಿಗೆ ಸಿಕ್ಕಿ ಸತ್ತ ದುರಂತದ ನಂತರ ಮೇಲಿನ ಹಂತದ ಕ್ಲಬ್ಬುಗಳು ಎಲ್ಲರಿಗೂ ಕುರ್ಚಿ ಹಾಕಬೇಕಾಯಿತು. ಫುಲ್‌ಹ್ಯಾಮ್ ಆಗ ಕೆಳ ಹಂತಗಳಲ್ಲಿ ಒದ್ದಾಡುತ್ತಿದ್ದರಿಂದ ಇದು ತಡವಾಯಿತು, 2002ರವರೆಗೂ ಇಲ್ಲಿ ನಿಲ್ಲುವ ಮೆಟ್ಟಿಲುಗಳಿದ್ದವು. ಆಮೇಲೆ ಎರಡು ವರ್ಷ ಲಾಫ್ಟಸ್ ರೋಡ್‌ನಲ್ಲಿ ಪರರ ಮನೆಯಲ್ಲಿ ಆಡಿ 2004ರಲ್ಲಿ ವಾಪಸ್ ಬಂದರು. ಅದಕ್ಕೂ ಮೊದಲು, 1987ರಲ್ಲಿ, ಮೈದಾನವನ್ನು ರಿಯಲ್ ಎಸ್ಟೇಟ್‌ನವರಿಗೆ ಬಿಟ್ಟು ಕ್ಲಬ್ಬನ್ನು ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ವಿಲೀನ ಮಾಡುವ ಹುನ್ನಾರವೂ ನಡೆದಿತ್ತು. ಅಭಿಮಾನಿಗಳು ಎದ್ದು ನಿಂತರು, ಹಳೇ ಆಟಗಾರ ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಕ್ಲಬ್ ಉಳಿಯಿತು. ಅದೇ ವರ್ಷ ಹಳೇ ಸ್ಟ್ಯಾಂಡು, ಕಾಟೇಜು ಎರಡಕ್ಕೂ ಸಂರಕ್ಷಿತ ಕಟ್ಟಡದ ಪಟ್ಟ ಸಿಕ್ಕಿತು. ಕುರ್ಚಿ ಇಕ್ಕಟ್ಟಾದರೂ ಇವನ್ನು ಕೆಡವಿ ಬೇರೆ ಕಟ್ಟುವಂತಿಲ್ಲ ಅನ್ನುವುದಕ್ಕೆ ಅದೇ ಕಾರಣ.

ಮೈಕಲ್ ಜಾಕ್ಸನ್ ಪ್ರತಿಮೆ ಎಲ್ಲಿದೆ ಎಂದು ಹುಡುಕಬೇಡ, ಈಗಿಲ್ಲ. ಹಿಂದಿನ ಮಾಲೀಕ ಅಲ್ ಫಯೇದ್ 2011ರಲ್ಲಿ ನಿಲ್ಲಿಸಿದ್ದ, ಹೊಸ ಮಾಲೀಕ 2013ರಲ್ಲಿ ತೆಗೆಸಿದ, ಮರುವರ್ಷವೇ ತಂಡ ಕೆಳ ಹಂತಕ್ಕೆ ಬಿತ್ತು. ಪ್ರತಿಮೆ ತೆಗೆದ ಶಾಪ ಎಂದ ಫಯೇದ್. ಗೋಲು ಬಿಟ್ಟುಕೊಟ್ಟಿದ್ದೇ ಕಾರಣ ಎಂದು ನಾನನ್ನುತ್ತೇನೆ.

ನಮ್ಮ ಬೆಂಗಳೂರಿಗೂ ಲಂಡನ್ ಫುಟ್‌ಬಾಲ್‌ಗೂ ಇರುವ ನಂಟನ್ನು ಇಲ್ಲೇ ಹೇಳಿಬಿಡುತ್ತೇನೆ. 1948ರ ಒಲಿಂಪಿಕ್ಸ್‌ನ ಕೆಲವು ಫುಟ್‌ಬಾಲ್ ಪಂದ್ಯಗಳು ಕ್ರೇವನ್ ಕಾಟೇಜಿನಲ್ಲಿ ನಡೆದವು. ಭಾರತ ಆಡಿದ್ದು ಮಾತ್ರ ಊರಿನ ಪೂರ್ವ ತುದಿಯ ಇಲ್ಫರ್ಡ್‌ನಲ್ಲಿ, ಫ್ರಾನ್ಸ್ ವಿರುದ್ಧ, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈಚೆಲ್ಲಿ 2-1ರಿಂದ ಸೋತೆವು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಪಕ್ಕದವರು ಇಂಡಿಯಾದಲ್ಲಿ ಫುಟ್‌ಬಾಲ್ ಇದೆಯಾ ಎಂದು ಕೇಳಿದರೆ ಇದನ್ನು ಹೇಳು.

ಒಳಗೆ ನಡೆದುಕೊಳ್ಳುವ ಬಗ್ಗೆ ಎರಡೇ ಮಾತು. ಮದ್ಯದ ಲೋಟ ಹಿಡಿದು ಮೈದಾನ ಕಾಣುವ ಕಡೆ ಬರುವಂತಿಲ್ಲ, ಅದು 1985ರಿಂದ ಕಾನೂನು. ಕುಡಿಯುವವರು ಸ್ಟ್ಯಾಂಡಿನಡಿಯ ಕಾರಿಡಾರಿನಲ್ಲೇ ಮುಗಿಸಿ ಬರುತ್ತಾರೆ, ನೀನು ಕುಡಿಯದಿದ್ದರೆ ಇನ್ನೂ ಸಂತೋಷ. ಎಷ್ಟೇ ಉತ್ಸಾಹ ಉಕ್ಕಿದರೂ ಹುಲ್ಲಿನ ಮೇಲೆ ಕಾಲಿಡಬೇಡ. ಅದೂ ಅಪರಾಧ, ನಿನ್ನಂಥ ವೀಸಾದ ಮೇಲಿರುವವರಿಗೆ ಪೊಲೀಸ್ ಕೇಸು ತಮಾಷೆಯಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ನದಿಗಾಳಿ ಕೊರೆಯುತ್ತದೆ. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ಮೇಲು, ಕಾಲಿಗೆ ಉಣ್ಣೆಯ ಸಾಕ್ಸ್ ಇರಲೇಬೇಕು. ಕೂತಲ್ಲೇ ಕೂತಾಗ ಮೊದಲು ಮರಗಟ್ಟುವುದು ಪಾದವೇ.

ಆಟ ಮುಗಿದ ಮೇಲೆ ಹತ್ತು ನಿಮಿಷ ಕೂತೇ ಇರು. ಎಲ್ಲರೂ ಪಟ್ನಿ ಬ್ರಿಡ್ಜ್‌ಗೆ ಓಡುತ್ತಾರೆ, ಸಣ್ಣ ಸ್ಟೇಷನ್ನು, ಪೊಲೀಸರು ತಂಡತಂಡವಾಗಿ ಬಿಡುತ್ತಾರೆ. ನೀನು ಉತ್ತರಕ್ಕೆ ತಿರುಗಿ ಹ್ಯಾಮರ್‌ಸ್ಮಿತ್‌ಗೆ ನಡೆ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ಅಲ್ಲಿ ಡಿಸ್ಟ್ರಿಕ್ಟ್, ಪಿಕಡಿಲಿ ಎರಡೂ ಲೈನು ಸಿಗುತ್ತವೆ. ರಾತ್ರಿ ಪಂದ್ಯವಾದರೆ ಪಾರ್ಕಿನ ದಾರಿಯನ್ನು ನಂಬಬೇಡ, ಗೇಟು ಹಾಕಿರಬಹುದು, ಬೀದಿಯಲ್ಲೇ ನಡೆ.

ಟಿಕೆಟ್ ಮಾಡಿಸುವ ಮುಂಚೆ ಸೀಟಿನ ನಕ್ಷೆಯ ಚಿತ್ರ ಕಳಿಸು. ಕಂಬ ಯಾವ ಕಡೆ ಬರುತ್ತದೆಂದು ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಸೋದರತ್ತೆ